ವಿಷಕ್ಕೆ ಅದರದ್ದೇ ಬಾಟಲಿ

ಮಳೆ ಹಿಡಿದು ಎರಡು ವಾರ ಕಳೆಯಿತೆಂದರೆ ನಮ್ಮ ಭಟ್ಕಳ ಸೀಮೆಯ ಕಾಯ್ಕಿಣಿಯ ಗದ್ದೆಯಂಚು, ಬಾವಿಕಟ್ಟೆ, ಬಚ್ಚಲ ನೀರು ಹರಿಯುವ ಜಾಗ, ಎಲ್ಲಿ ನೋಡಿದರೂ ಕೆಸುವಿನ ಎಲೆ. ಅದನ್ನು ಕೊಯ್ದು ಪತ್ರೊಡೆ ಮಾಡಿದ ದಿನ ಯಾರನ್ನೂ ಊಟಕ್ಕೆ ಕೂಗಿ ಕರೆಯಬೇಕಾಗಿಲ್ಲ. ಆದರೆ ಅದೇ ಎಲೆಯ ಒಂದು ಚೂರನ್ನು ಹಸಿಯಾಗಿ ಜಗಿದರೆ ನಾಲಿಗೆ, ಗಂಟಲು ಎಲ್ಲ ಚುಚ್ಚಿ ತುರಿಸತೊಡಗುತ್ತದೆ. ತುಟಿ ಬಾತುಕೊಳ್ಳುವುದೂ ಉಂಟು. ಕಾರಣ ಆ ಎಲೆಯ ಜೀವಕೋಶಗಳ ಒಳಗಿದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣ ಅಲ್ಲಿ ಸೂಜಿಯಾಕಾರದ ಹರಳುಗಳಾಗಿ ಕಟ್ಟುಕಟ್ಟಾಗಿ ಕೂತಿರುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು, ತುದಿಗಳು ಚೂಪು. ಹಲ್ಲಿನಡಿ ಕೋಶ ಒಡೆದಾಗ ಅವು ಹೊರಬಿದ್ದು ಬಾಯಿಯ ಮೆತ್ತನೆಯ ಚರ್ಮಕ್ಕೆ ನಾಟುತ್ತವೆ. ಗಿಡಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಹುಳವೋ ದನವೋ ತಿನ್ನಲು ಬಂದರೆ ಅದಕ್ಕಿರುವ ಕಾವಲು ಇದು. ಹುಣಸೆಹುಳಿ ಹಾಕಿ ಅರೆದ ಹಿಟ್ಟನ್ನು ಎಲೆಗೆ ಬಳಿದು, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದ ಮೇಲೆ ಈ ಕಾವಲು ಸೋಲುತ್ತದೆ. ಹುಳಿ ಕಡಿಮೆ ಹಾಕಬೇಡ, ಗಂಟಲು ಕೆರೆದೀತು ಎಂದು ಅಜ್ಜಿಯಂದಿರು ಎಚ್ಚರಿಸುವುದು ಇದಕ್ಕೇ.

ಒಂದೇ ಎಲೆ ಊಟವೂ ಆಗುತ್ತದೆ, ಉಪದ್ರವವೂ ಆಗುತ್ತದೆ. ಹಾಗಾದರೆ ವಿಷ ಎನ್ನುವುದು ಯಾವುದು? ಹಾವಿನ ಹಲ್ಲಿನಲ್ಲಿ, ತಲೆಬುರುಡೆ ಬರೆದ ಡಬ್ಬಿಯಲ್ಲಿ ಮಾತ್ರ ಇರುವಂಥದ್ದು ಎಂದು ನಾವು ತಿಳಿದಿರುತ್ತೇವೆ. ಸುಮಾರು 500 ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪ್ಯಾರಾಸೆಲ್ಸಸ್ ಎಂಬ ವೈದ್ಯ ಹಾಗಲ್ಲ ಎಂದ. ಯಾವ ವಸ್ತುವಾದರೂ ವಿಷವಾಗಬಲ್ಲದು. ವಿಷವಾಗುವುದೋ ಇಲ್ಲವೋ ಎಂಬುದನ್ನು ಅದರ ಪ್ರಮಾಣ ತೀರ್ಮಾನಿಸುತ್ತದೆ ಎನ್ನುವುದು ಅವನ ವಾದ. ವಿಷಗಳನ್ನು ಅಭ್ಯಾಸ ಮಾಡುವ ವಿಜ್ಞಾನ ಇವತ್ತಿಗೂ ಈ ಮಾತಿನಿಂದಲೇ ಪಾಠ ಶುರುಮಾಡುತ್ತದೆ.

ಇದಕ್ಕೆ ಉದಾಹರಣೆ ನಿಮ್ಮ ಶಾಲೆಯಲ್ಲೇ ಇದೆ. ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಒಮ್ಮೆ ಸರಿಯಾಗಿ ನೋಡಿ. 5ರಿಂದ 9 ವರ್ಷದವರದ್ದು ಗುಲಾಬಿ ಬಣ್ಣ, ಅದರಲ್ಲಿ 45 ಮಿಲಿಗ್ರಾಂ ಕಬ್ಬಿಣ. 10 ದಾಟಿದವರದ್ದು ನೀಲಿ, 60 ಮಿಲಿಗ್ರಾಂ. ಮನೆಯಲ್ಲಿ ಬಸುರಿ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಅವರಿಗೆ ಕೆಂಪು ಮಾತ್ರೆ, ದಿನಕ್ಕೊಂದರಂತೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕೇ ಬೇಕು. ಅದು ಕಡಿಮೆಯಾದರೆ ಆಟಕ್ಕೂ ಪಾಠಕ್ಕೂ ಸುಸ್ತು. ಆದರೆ ಎರಡು ವರ್ಷದ ಮಗು ಆ ಕೆಂಪು ಮಾತ್ರೆಗಳನ್ನು ಒಂದು ಮುಷ್ಟಿ ತಿಂದರೆ ಅದೇ ಕಬ್ಬಿಣ ಹೊಟ್ಟೆಯ ಒಳಪದರವನ್ನು ಸುಡುತ್ತದೆ, ರಕ್ತವಾಂತಿ ಮಾಡಿಸುತ್ತದೆ, ಆಮೇಲೆ ಯಕೃತ್ತಿಗೆ ಕೈಹಾಕುತ್ತದೆ. ಪ್ರಾಣಕ್ಕೇ ಅಪಾಯ. ಮಾತ್ರೆಯ ಮೇಲೆ ಸಕ್ಕರೆಯ ಲೇಪವಿದೆ, ಬಣ್ಣವಿದೆ, ಹೊಳಪಿದೆ. ಪೇಟೆಯಿಂದ ತರುವ ಬಣ್ಣದ ಮಿಠಾಯಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಎರಡು ವರ್ಷದ ಮಗುವಿಗೆ ಹೇಗೆ ತಿಳಿದೀತು?

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಅಮ್ಮನ ತೂಕ 60 ಕಿಲೋ ಎಂದುಕೊಳ್ಳಿ, ಪುಟ್ಟ ತಂಗಿಯದ್ದು 12 ಕಿಲೋ. ಅಮ್ಮ ನುಂಗಿದ ಒಂದು ಮಾತ್ರೆ 60 ಕಿಲೋ ಮೈಗೆ ಹಂಚಿಹೋಗುತ್ತದೆ. ಅದೇ ಮಾತ್ರೆ ತಂಗಿಯ ಹೊಟ್ಟೆಗೆ ಹೋದರೆ ಹಂಚಿಕೊಳ್ಳಲು 12 ಕಿಲೋ ಮಾತ್ರ ಇದೆ. ಅಂದರೆ ಅವಳಿಗೆ ಆ ಒಂದು ಮಾತ್ರೆ ಅಮ್ಮ ಐದು ಮಾತ್ರೆ ನುಂಗಿದ್ದಕ್ಕೆ ಸಮ. ಅಜ್ಜನ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಗಳಂತೂ ಒಂದೆರಡೇ ಆದರೂ ಚಿಕ್ಕ ಮಗುವಿಗೆ ಗಂಡಾಂತರ ತರಬಲ್ಲವು. ಒಂದು ರಕ್ತದ ಒತ್ತಡವನ್ನು ಇಳಿಸುತ್ತದೆ, ಇನ್ನೊಂದು ರಕ್ತದಲ್ಲಿನ ಸಕ್ಕರೆಯನ್ನು. ಇಳಿಸಬೇಕಾದ ಕಾಯಿಲೆಯೇ ಇಲ್ಲದ ಮೈಯಲ್ಲಿ ಅವು ತಮ್ಮ ಕೆಲಸ ಮಾಡದೆ ಬಿಡುವುದಿಲ್ಲ.

ಚಿಕ್ಕ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ತುಂಟತನದಿಂದಲ್ಲ. ಹುಟ್ಟಿದ ಮೊದಲ ವರ್ಷಗಳಲ್ಲಿ ತುಟಿ, ನಾಲಿಗೆಗಳ ಸ್ಪರ್ಶಜ್ಞಾನ ಬಹಳ ಚುರುಕು. ವಸ್ತು ಗಟ್ಟಿಯೋ ಮೆದುವೋ, ನುಣುಪೋ ಒರಟೋ, ಸಿಹಿಯೋ ಉಪ್ಪೋ ಎಂದು ಮಗು ಪರೀಕ್ಷೆ ಮಾಡುವುದು ಬಾಯಿಯಲ್ಲೇ. ಅದು ಕಲಿಯುವ ಬಗೆ. ನೀವೂ ನಾನೂ ಹಾಗೆ ಕಲಿತೇ ಬಂದವರು. ಅಂಬೆಗಾಲಿಡುವಾಗ ನೆಲದ ಮೇಲಿನ ವಸ್ತು ಸಿಗುತ್ತದೆ, ನಿಲ್ಲಲು ಕಲಿತ ಮೇಲೆ ಮೇಜಿನಂಚಿನದ್ದು, ಏಣಿಯನ್ನೋ ಮಣೆಯನ್ನೋ ಎಳೆದು ಹತ್ತಲು ಕಲಿತ ಮೇಲೆ ಕಪಾಟಿನದ್ದು. ನಡೆಯಲು ಬಂದಾಗಿನಿಂದ ನಾಲ್ಕು ವರ್ಷ ತುಂಬುವವರೆಗಿನ ಕಾಲ ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಕಾಲು ಬಂದಿದೆ, ಓದು ಬಂದಿಲ್ಲ. ಆ ವಯಸ್ಸಿನ ಮಗು ಬಾಟಲಿಯ ಚೀಟಿ ಓದುವುದಿಲ್ಲ. ಬಾಟಲಿಯ ಆಕಾರವನ್ನು ಓದುತ್ತದೆ. ನೀರಿನ ಬಾಟಲಿಯ ಆಕಾರ ಕಂಡರೆ ಅದರೊಳಗೆ ನೀರು. ಶರಬತ್ತಿನ ಬಾಟಲಿ ಕಂಡರೆ ಶರಬತ್ತು. ಅದರ ಲೆಕ್ಕ ಅಷ್ಟೇ, ಮತ್ತು ಆ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ಬಾಟಲಿ ಬದಲಾಯಿಸಿದ ದೊಡ್ಡವರದ್ದು.

ಅದಕ್ಕೇ ಸೀಮೆಎಣ್ಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕೆಂದಿದ್ದೇನೆ. ನಿಮ್ಮ ಅಜ್ಜಿ ಇದನ್ನು ಚಿಮಣಿ ಎಣ್ಣೆ ಎನ್ನಬಹುದು. ಅಡುಗೆಮನೆಗೆ ಗ್ಯಾಸ್ ಬಂದಿದೆ, ದೀಪಕ್ಕೆ ಕರೆಂಟ್ ಬಂದಿದೆ, ಆದರೂ ಕರಾವಳಿಯ ಮನೆಗಳಿಂದ ಅದು ಪೂರ್ತಿ ಹೋಗಿಲ್ಲ. ಮೀನು ಹಿಡಿಯುವ ನಾಡದೋಣಿಗಳ ಇಂಜಿನ್ನಿಗೆ ಅದೇ ಬೇಕು. ಬಚ್ಚಲೊಲೆಯ ಹಸಿ ಸೌದೆಗೆ ಬೆಂಕಿ ಹತ್ತಿಸಲು, ಪೇಂಟು ಹತ್ತಿದ ಕೈ ತೊಳೆಯಲು ಒಂದಿಷ್ಟು ಇಟ್ಟುಕೊಂಡಿರುತ್ತಾರೆ. ಕ್ಯಾನಿನಿಂದ ಸುರಿಯುವುದು ಕಷ್ಟವೆಂದು ಒಂದು ಲೀಟರಿನ ಖಾಲಿ ನೀರಿನ ಬಾಟಲಿಗೆ ತುಂಬುತ್ತಾರೆ. ಬಾಟಲಿ ಒಲೆಯ ಪಕ್ಕ, ನೆಲದ ಮೇಲೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಬಾಯಾರಿದ ಮಗು, ಕೈಗೆಟುಕುವಲ್ಲಿ ನೀರಿನ ಬಾಟಲಿ. ನಮ್ಮ ದೇಶದ ಆಸ್ಪತ್ರೆಗಳಿಗೆ ವಿಷ ಸೇವಿಸಿ ಬಂದ ಚಿಕ್ಕ ಮಕ್ಕಳಲ್ಲಿ ದಶಕಗಳ ಕಾಲ ದೊಡ್ಡ ಪಾಲು ಹೀಗೆ ಸೀಮೆಎಣ್ಣೆ ಕುಡಿದವರದ್ದೇ ಆಗಿತ್ತು.

ಸೀಮೆಎಣ್ಣೆ ಹೊಟ್ಟೆಗೆ ಹೋಗಿ ಅಷ್ಟೊಂದು ಕೆಡುಕು ಮಾಡುವುದಿಲ್ಲ. ಅದರ ನಿಜವಾದ ಅಪಾಯ ಶ್ವಾಸಕೋಶದಲ್ಲಿ. ಕುಡಿದದ್ದು ಅಲ್ಲಿಗೆ ಹೇಗೆ ಹೋಯಿತು? ಇದನ್ನು ತಿಳಿಯಲು ಒಂದು ಪ್ರಯೋಗ ಮಾಡಿ. ಸೀಮೆಎಣ್ಣೆ ಮುಟ್ಟುವುದು ಬೇಡ. ನೀರು ಮತ್ತು ತೆಂಗಿನೆಣ್ಣೆ ಸಾಕು. ಹಿತ್ತಲಿನಿಂದ ಒಂದು ಕೆಸುವಿನ ಎಲೆ ತಂದು ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ದುಂಡಗೆ ನಿಂತು, ಎಲೆ ಓರೆ ಮಾಡಿದರೆ ಜಾರಿ ಉರುಳಿಹೋಗುತ್ತದೆ, ಎಲೆ ಒದ್ದೆಯಾಗುವುದಿಲ್ಲ. ಈಗ ಒಂದು ಹನಿ ತೆಂಗಿನೆಣ್ಣೆ ಬಿಡಿ. ಅದು ದುಂಡಗೆ ನಿಲ್ಲುವುದಿಲ್ಲ, ಎಲೆಗೆ ಅಂಟಿ ಹರಡುತ್ತದೆ. ನೀರಿನ ಕಣಗಳು ಒಂದನ್ನೊಂದು ಬಲವಾಗಿ ಎಳೆದುಕೊಂಡು ಹನಿಯನ್ನು ಬಿಗಿಯಾಗಿ ಹಿಡಿದಿರುತ್ತವೆ. ಈ ಬಿಗಿತಕ್ಕೆ ಮೇಲ್ಮೈ ಸೆಳೆತ ಎಂದು ಹೆಸರು. ಎಣ್ಣೆಯಲ್ಲಿ ಆ ಬಿಗಿತ ಕಡಿಮೆ. ಸೀಮೆಎಣ್ಣೆಯಲ್ಲಿಯೂ ಅದು ನೀರಿನಲ್ಲಿರುವುದರ ಅರ್ಧಕ್ಕಿಂತ ಕಡಿಮೆ, ಮೇಲಾಗಿ ಸೀಮೆಎಣ್ಣೆ ತೆಂಗಿನೆಣ್ಣೆಗಿಂತ ಬಹಳ ತೆಳು. ಸಿಕ್ಕಿದ ಮೇಲ್ಮೈಯ ಮೇಲೆಲ್ಲ ಅದು ಕ್ಷಣದಲ್ಲಿ ಹರಿದುಹೋಗುತ್ತದೆ.

ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಒಂದೇ ಕಡೆ ಬಂದು ಬೇರೆಯಾಗುತ್ತವೆ. ನುಂಗುವಾಗ ಗಾಳಿಯ ದಾರಿಯನ್ನು ಒಂದು ಪುಟ್ಟ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಮಗು ಒಂದು ಗುಟುಕು ಸೀಮೆಎಣ್ಣೆ ಕುಡಿದ ಕೂಡಲೇ ರುಚಿಗೆ, ವಾಸನೆಗೆ ಬೆಚ್ಚಿ ಕೆಮ್ಮುತ್ತದೆ. ಕೆಮ್ಮುವಾಗ ಆ ಮುಚ್ಚಳ ತೆರೆದುಕೊಳ್ಳಲೇಬೇಕು. ಅಷ್ಟೇ ಸಾಕು, ತೆಳುವಾದ ಎಣ್ಣೆ ಸಂದಿಯಲ್ಲಿ ಜಾರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಅವು ಕುಸಿದು ಒಂದಕ್ಕೊಂದು ಅಂಟಿಕೊಳ್ಳದಂತೆ ಒಳಗೋಡೆಗೆ ಒಂದು ವಿಶೇಷ ದ್ರವದ ಪೊರೆ ಬಳಿದಿರುತ್ತದೆ. ಸೀಮೆಎಣ್ಣೆ ಆ ಪೊರೆಯನ್ನೇ ಕೆಡಿಸುತ್ತದೆ. ಗೂಡುಗಳು ಕುಸಿಯುತ್ತವೆ, ಸುತ್ತ ಊತ ಬರುತ್ತದೆ, ಮಗು ಏದುಸಿರು ಬಿಡತೊಡಗುತ್ತದೆ. ಕೆಲವೊಮ್ಮೆ ಮೊದಲ ಗಂಟೆ ಏನೂ ಆಗದಂತೆ ಆಡುತ್ತಿದ್ದ ಮಗುವಿಗೆ ಸಂಜೆಯ ಹೊತ್ತಿಗೆ ಉಸಿರಾಟ ಕಷ್ಟವಾಗುವುದೂ ಉಂಟು. ಅದಕ್ಕೇ ವೈದ್ಯರು ಮಗು ಚೆನ್ನಾಗಿಯೇ ಕಂಡರೂ ಕೆಲವು ಗಂಟೆ ತಮ್ಮ ಕಣ್ಣೆದುರೇ ಇಟ್ಟುಕೊಳ್ಳುತ್ತಾರೆ.

ಈಗ ಯೋಚನೆ ಮಾಡಿ: ಇಂಥ ಮಗುವಿನ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಿದರೆ ಏನಾಗುತ್ತದೆ? ಹೊಟ್ಟೆಯಲ್ಲಿ ಸುಮ್ಮನಿದ್ದ ಸೀಮೆಎಣ್ಣೆ ಮತ್ತೊಮ್ಮೆ ಗಂಟಲಿಗೆ ಬರುತ್ತದೆ, ಶ್ವಾಸಕೋಶಕ್ಕೆ ಇಳಿಯಲು ಅದಕ್ಕೆ ಇನ್ನೊಂದು ದಾರಿ ಸಿಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಕುಡಿದಿದ್ದರೆ ಇಳಿಯುವಾಗ ಸುಟ್ಟ ಅನ್ನನಾಳವನ್ನು ಅದು ಹತ್ತುವಾಗ ಮತ್ತೆ ಸುಡುತ್ತದೆ. ಹಿಂದೆ ವೈದ್ಯರೇ ವಾಂತಿ ಮಾಡಿಸಲು ಹೇಳುತ್ತಿದ್ದರು. ಅಮೆರಿಕದಲ್ಲಿ ಅದಕ್ಕೆಂದೇ ಇಪಿಕಾಕ್ ಎಂಬ ಸಿರಪ್ಪನ್ನು ಮಕ್ಕಳಿರುವ ಮನೆಗಳಲ್ಲಿ ಇಟ್ಟಿರುತ್ತಿದ್ದರು. ಅದರಿಂದ ಮಕ್ಕಳಿಗೆ ಪ್ರಯೋಜನವಾದದ್ದು ಕಾಣಲಿಲ್ಲವೆಂದು ಅಲ್ಲಿನ ಮಕ್ಕಳ ವೈದ್ಯರ ಸಂಘವೇ 2003ರಲ್ಲಿ ಇನ್ನು ಮನೆಯಲ್ಲಿ ಅದನ್ನು ಇಡಬೇಡಿ ಎಂದು ಹೇಳಿತು. ನಮ್ಮಲ್ಲಿ ಉಪ್ಪುನೀರು, ಸಾಬೂನಿನ ನೀರು ಕುಡಿಸುವವರು ಇನ್ನೂ ಇದ್ದಾರೆ. ಮಗುವಿನ ಮೇಲಿನ ಪ್ರೀತಿಯಿಂದ, ಗಾಬರಿಯಿಂದ ಹಾಗೆ ಮಾಡುತ್ತಾರೆ. ನೀವು ಈ ಗಂಟಲಿನ ಕತೆಯನ್ನು ಅವರಿಗೆ ವಿವರಿಸಿದರೆ ಖಂಡಿತ ಕೇಳುತ್ತಾರೆ, ಯಾಕೆಂದರೆ ಬರೀ 'ಬೇಡ' ಎನ್ನುವುದಕ್ಕಿಂತ ಕಾರಣ ಹೇಳಿದಾಗ ಮಾತಿಗೆ ತೂಕ ಬರುತ್ತದೆ.

ವಿಷ ತನ್ನ ಜಾಗ ಬಿಟ್ಟು ಆಹಾರದ ಪಕ್ಕ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ತೆಂಕಣ ತುದಿಯಲ್ಲಿ ಒಂದು ದೊಡ್ಡ ದುರಂತವೇ ನಡೆದಿದೆ. 1958ರಲ್ಲಿ ಕೇರಳದಲ್ಲಿ ಗೋಧಿಹಿಟ್ಟಿನ ತಿಂಡಿ ತಿಂದು 100ಕ್ಕೂ ಹೆಚ್ಚು ಜನ ಸತ್ತರು. ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಗಲಿತ್ತು. ಸಾಗಾಟದಲ್ಲಿ ಎರಡೂ ಒಟ್ಟಿಗೆ ಬಂದಿದ್ದವು, ಒಂದು ಇನ್ನೊಂದರ ಮೇಲೆ ಸೋರಿತ್ತು. ಈ ಘಟನೆಯ ವಿಚಾರಣೆಯ ನಂತರವೇ ನಮ್ಮ ದೇಶಕ್ಕೆ 1968ರ ಕೀಟನಾಶಕ ಕಾಯಿದೆ ಬಂತು. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕ ಇರುತ್ತದೆ, ನೋಡಿದ್ದೀರಾ? ಅದರ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದಿರುತ್ತದೆ. ಕೆಂಪಾದರೆ ಅತಿ ಘೋರ ವಿಷ, ಅದಕ್ಕಿಂತ ಕಡಿಮೆಯದ್ದು ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ತಿನ್ನಬಹುದು ಎಂದಲ್ಲ, ಅದೂ ವಿಷವೇ. ಅಡಿಕೆ ತೋಟದ ಮನೆಗಳಲ್ಲಿ, ಮಲ್ಲಿಗೆ ಬೆಳೆಯುವ ಭಟ್ಕಳದ ಹಿತ್ತಲುಗಳಲ್ಲಿ ಮುಂದಿನ ಸಲ ಡಬ್ಬಿ ಕಂಡರೆ ಕೈಯಲ್ಲಿ ಮುಟ್ಟದೆ ಕಣ್ಣಿನಲ್ಲಿ ಓದಿ.

ಅಡಿಕೆಯ ಮಾತು ಬಂದದ್ದರಿಂದ ಮೈಲುತುತ್ತದ ಬಗ್ಗೆ ಒಂದು ಮಾತು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಕೊನೆಗಳಿಗೆ ಔಷಧಿ ಹೊಡೆಯುತ್ತಾರಲ್ಲ, ಅದು ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರು. ನೀಲಿ ಬಣ್ಣ ಮೆತ್ತಿದ ಹಣ್ಣನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಗೆ ಎರಚಿದ ಬಳ್ಳಿಗಳಿಗೆ ರೋಗವೂ ಬರದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಔಷಧಿಯಾಗಿ ಜಗತ್ತಿಗೆ ತಿಳಿಸಿದ. ದೊಡ್ಡವರನ್ನು ಹೆದರಿಸಿದ ಅದೇ ನೀಲಿ ಪುಟ್ಟ ಮಗುವನ್ನು ಕರೆಯುತ್ತದೆ. ಮೈಲುತುತ್ತದ ಹರಳು ಅಷ್ಟು ಚೆಂದ. ಅದು ಅಂಗಳದ ಮೂಲೆಯ ಬಕೆಟಿನಲ್ಲಿ ಉಳಿದರೆ, ಕೊಟ್ಟೆಯಲ್ಲಿ ಕಟ್ಟಿ ಜಗುಲಿಯಲ್ಲಿ ಬಿಟ್ಟರೆ ಅದನ್ನು ಮೊದಲು ನೋಡುವುದು ಮಗುವೇ.

ಬಾಟಲಿಯ ಮುಚ್ಚಳಕ್ಕೂ ಒಂದು ಒಳ್ಳೆಯ ಕತೆಯಿದೆ. ಕೆನಡಾದ ವಿಂಡ್ಸರ್ ಎಂಬ ಊರಿನಲ್ಲಿ ಹೆನ್ರಿ ಬ್ರೋ ಎಂಬ ಮಕ್ಕಳ ವೈದ್ಯರಿದ್ದರು. ಮಾತ್ರೆ ನುಂಗಿದ ಮಕ್ಕಳಿಗೆ ಚಿಕಿತ್ಸೆ ಮಾಡಿ ಮಾಡಿ ಅವರ ಮನಸ್ಸು ನೊಂದಿತ್ತು. ಮನೆಯವರಿಗೆ ಬುದ್ಧಿ ಹೇಳುವುದು ಮಾತ್ರ ಸಾಲದು, ಮಗುವಿನ ಕೈಯಲ್ಲಿ ತೆರೆಯಲು ಬಾರದ ಮುಚ್ಚಳವೇ ಬೇಕು ಎಂದು ಅವರು ಹಟ ಹಿಡಿದರು. 1967ರಲ್ಲಿ ಅಂಗೈಯಿಂದ ಒತ್ತಿ, ಒತ್ತಿಕೊಂಡೇ ತಿರುಗಿಸಬೇಕಾದ ಮುಚ್ಚಳ ಅಲ್ಲಿ ಬಳಕೆಗೆ ಬಂತು. ಆ ಸೀಮೆಯಲ್ಲಿ ಮಕ್ಕಳು ಮಾತ್ರೆ ನುಂಗುವ ಪ್ರಕರಣಗಳು 91 ಶೇಕಡ ಇಳಿದವು. ಚಿಕ್ಕ ಮಗುವಿಗೆ ಒತ್ತಲೂ ಬರುತ್ತದೆ, ತಿರುಗಿಸಲೂ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಕೈಯೂ ಮಿದುಳೂ ಇನ್ನೂ ಪಳಗಿರುವುದಿಲ್ಲ. ಮುಚ್ಚಳದ ಗುಟ್ಟು ಅಲ್ಲಿದೆ.

ಇಂಥ ಮುಚ್ಚಳ ಸರಿಯಾಗಿದೆಯೇ ಎಂದು ಅಮೆರಿಕದಲ್ಲಿ ಪರೀಕ್ಷೆ ಮಾಡುವವರು ಯಾರು ಗೊತ್ತೇ? ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳು! ಇಬ್ಬಿಬ್ಬರನ್ನು ಕೂರಿಸಿ ಅಪಾಯವಿಲ್ಲದ ಡಬ್ಬಿ ಕೊಟ್ಟು, ತೆರೆಯಿರಿ ನೋಡೋಣ ಎನ್ನುತ್ತಾರೆ. ಐದು ನಿಮಿಷ ಸಮಯ. ಆಗದಿದ್ದರೆ ಒಮ್ಮೆ ತೆರೆದು ತೋರಿಸಿ, ಹಲ್ಲು ಬೇಕಾದರೂ ಬಳಸಬಹುದು ಎಂದು ಹೇಳಿ, ಇನ್ನೂ ಐದು ನಿಮಿಷ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೂ ನೂರರಲ್ಲಿ 80 ಮಕ್ಕಳಿಗಾದರೂ ಅದು ಬಗ್ಗಬಾರದು. 50 ದಾಟಿದ ಹಿರಿಯರ ಕೈಗೆ ಮಾತ್ರ ಬಗ್ಗಬೇಕು. ಲೆಕ್ಕ ಇನ್ನೊಂದು ಕಡೆಯಿಂದ ನೋಡಿ: ಪರೀಕ್ಷೆ ಪಾಸಾದ ಮುಚ್ಚಳವನ್ನೂ ನೂರರಲ್ಲಿ 20 ಮಕ್ಕಳು ತೆರೆದಿರಬಹುದು. ನಮ್ಮ ಔಷಧಿ ಅಂಗಡಿಯ ಕೆಲವು ಸಿರಪ್ ಬಾಟಲಿಗಳಿಗೂ ಈ ಮುಚ್ಚಳ ಬಂದಿದೆ, ಆದರೆ ಎಲ್ಲದಕ್ಕೂ ಇಲ್ಲ. ಆದ್ದರಿಂದ ಮುಚ್ಚಳ ಎಂಥದೇ ಇರಲಿ, ಬಾಟಲಿ ಎತ್ತರದಲ್ಲೇ ಇರಬೇಕು, ಕಪಾಟಿಗೆ ಚಿಲಕ ಇರಬೇಕು.

ಚಿತ್ರ ಅಂಟಿಸಿದರೆ ಸಾಲದೇ ಎಂದು ನಿಮಗೆ ಅನ್ನಿಸಬಹುದು. ಅದನ್ನೂ ಮಾಡಿ ನೋಡಿದ್ದಾರೆ. ತಲೆಬುರುಡೆಯ ಚಿತ್ರ ಕಂಡರೆ ಮಕ್ಕಳಿಗೆ ಕಡಲ್ಗಳ್ಳರ ಸಾಹಸ ನೆನಪಾಗಿ ಖುಷಿಯಾಗುತ್ತದೆ ಎಂದು ಅಮೆರಿಕದ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯವರು ಕಂಡುಕೊಂಡು, 1971ರಲ್ಲಿ ಮಕ್ಕಳ ಅಭಿಪ್ರಾಯವನ್ನೇ ಕೇಳಿ, ನಾಲಿಗೆ ಹೊರಚಾಚಿ ಮುಖ ಸಿಂಡರಿಸಿದ ಹಸಿರು ಮೋರೆಯ ಚೀಟಿಯೊಂದನ್ನು ಮಾಡಿದರು. ಅದು ಬಹಳ ಪ್ರಸಿದ್ಧವಾಯಿತು. ಆದರೆ ಮುಂದೆ ಅಧ್ಯಯನ ಮಾಡಿದಾಗ ತೀರ ಚಿಕ್ಕ ಮಕ್ಕಳು ಆ ಚೀಟಿಗೆ ಹಿಂಜರಿಯಲಿಲ್ಲ, ಕೆಲವರು ಚೀಟಿ ಇದ್ದ ಬಾಟಲಿಯನ್ನೇ ಎತ್ತಿಕೊಂಡರು. ಚಿತ್ರ ನಿಮಗೆ ಉಪಯೋಗ, ನಿಮ್ಮ ತಂಗಿಗೆ ಅಲ್ಲ.

ನಿಮ್ಮ ಮನೆಯಲ್ಲಿ ಒಂದು ಕೆಲಸ ಮಾಡಿ. ಸಂಜೆ ಹೊತ್ತು ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಒಂದೊಂದು ಕೋಣೆಯಲ್ಲಿ ನೆಲದ ಮೇಲೆ ಅಂಬೆಗಾಲಿನಲ್ಲಿ ಕೂತು ಸುತ್ತ ನೋಡಿ. ನಿಂತಾಗ ಕಾಣದ ಎಷ್ಟೋ ವಸ್ತು ಆಗ ಕಾಣುತ್ತವೆ. ಮಂಚದಡಿಯ ಇಲಿ ಪಾಷಾಣ ಅವುಗಳಲ್ಲಿ ಒಂದು. ಇಲಿ ತಿನ್ನಲೆಂದೇ ಅದನ್ನು ತೆಂಗಿನಕಾಯಿ ಚೂರಿಗೋ ಬ್ರೆಡ್ಡಿಗೋ ಬಳಿದಿರುತ್ತಾರೆ. ರಂಜಕ ಇರುವ ಪಾಷಾಣವಾದರೆ ಮೊದಲ ಒಂದೆರಡು ದಿನ ಮಗು ಚೆನ್ನಾಗಿಯೇ ಇದ್ದಂತೆ ಕಂಡು, ಆಮೇಲೆ ಯಕೃತ್ತು ಕೆಡುವುದುಂಟು. ದೇವರ ಕೋಣೆಯಲ್ಲಿ ಇನ್ನೂ ಹತ್ತಿರದಿಂದ ನೋಡಿ. ನೈವೇದ್ಯದ ಕಲ್ಲುಸಕ್ಕರೆ ಒಂದು ಬಟ್ಟಲಲ್ಲಿ, ಕರ್ಪೂರ ಇನ್ನೊಂದು ಬಟ್ಟಲಲ್ಲಿ. ಎರಡೂ ಬಿಳಿ, ಎರಡೂ ಪುಟ್ಟ ತುಂಡು, ಪಕ್ಕಪಕ್ಕ. ಪೂಜೆ ಮುಗಿದಾಗಲೆಲ್ಲ ತಂಗಿಯ ಕೈಗೆ ಸಿಕ್ಕಿದ್ದು ಕಲ್ಲುಸಕ್ಕರೆ. ನಾಳೆ ಅವಳೇ ಕೈ ಚಾಚಿದಾಗ ಬೆರಳಿಗೆ ಯಾವುದು ಸಿಕ್ಕೀತು? ಕರ್ಪೂರ ಹೊಟ್ಟೆಗೆ ಹೋದರೆ ಬಹಳ ಬೇಗ ರಕ್ತಕ್ಕೆ ಸೇರಿ ಮಿದುಳಿಗೆ ಮುಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಮಗುವಿಗೆ ಫಿಟ್ಸ್ ಬರಬಹುದು, ಅದಕ್ಕೆ ಒಂದೆರಡು ತುಂಡು ಸಾಕು. ಬಟ್ಟೆಗಳ ನಡುವೆ ಇಡುವ ಡಾಂಬರು ಗುಳಿಗೆಯೂ ಹೀಗೇ ಬಿಳಿ, ಹೀಗೇ ಮೋಸದ್ದು.

ಅಜ್ಜಿಯ ಕವಳದ ಬಟ್ಟಲನ್ನು ಮರೆಯಬೇಡಿ. ಅದರಲ್ಲಿರುವ ಹೊಗೆಸೊಪ್ಪಿನ ನಿಕೋಟಿನ್ ದೊಡ್ಡವರಿಗೆ ಚಟ, ಮಗುವಿಗೆ ನೇರವಾಗಿ ವಿಷ. ಸುಣ್ಣದ ಟ್ಯೂಬನ್ನೋ ಪೊಟ್ಟಣವನ್ನೋ ಮಗು ಹಿಸುಕಿದರೆ ಅದು ಸಿಡಿದು ಕಣ್ಣಿಗೆ ಬೀಳುತ್ತದೆ. ಸುಣ್ಣ ಕ್ಷಾರ, ಕಣ್ಣಿನ ಪಾರದರ್ಶಕ ಪದರವನ್ನು ಕರಗಿಸುತ್ತ ಒಳಗಿಳಿಯುತ್ತದೆ. ದೇಶದ ಕಣ್ಣಿನ ವೈದ್ಯರು ಹೀಗೆ ದೃಷ್ಟಿ ಕಳೆದುಕೊಂಡ ಮಕ್ಕಳನ್ನು ನೋಡುತ್ತಲೇ ಇದ್ದಾರೆ. ಹಾಗಾದರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ, ಆ ಕ್ಷಣವೇ, ಸ್ವಚ್ಛ ನೀರನ್ನು ಕಣ್ಣಿನ ಮೇಲೆ ಕಡಿಮೆಯೆಂದರೂ 15 ನಿಮಿಷ ಬಿಡದೆ ಹರಿಸಬೇಕು. ಮಗು ಅತ್ತರೂ ನಿಲ್ಲಿಸಬಾರದು. ಆಮೇಲೆ ಆಸ್ಪತ್ರೆ.

ಹೊರಗೆ ಹಿತ್ತಲಿನಲ್ಲಿ ಗುಲಗಂಜಿ ಇದೆ. ಕಡುಕೆಂಪು ಮೈ, ತುದಿಯಲ್ಲಿ ಕಪ್ಪು ಚುಕ್ಕೆ. ಹಿಂದೆ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದುದು ಇದರಿಂದಲೇ. ಅದರೊಳಗಿನ ಏಬ್ರಿನ್ ಎಂಬ ವಸ್ತು ನಮ್ಮ ಜೀವಕೋಶಗಳು ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಹೊರಗಿನ ಸಿಪ್ಪೆ ಬಹಳ ಗಟ್ಟಿ, ಹಾಗಾಗಿ ಇಡಿಯಾಗಿ ನುಂಗಿದ್ದು ಎಷ್ಟೋ ಸಲ ಹಾಗೇ ಹೊರಹೋಗುತ್ತದೆ. ಜಗಿದರೆ, ಅಥವಾ ಸರ ಪೋಣಿಸಲು ತೂತು ಮಾಡಿದ್ದನ್ನು ನುಂಗಿದರೆ ಅಪಾಯ. ಹಳದಿ ಕಣಗಿಲೆಯನ್ನು ಶಿವನ ಪೂಜೆಗೆಂದು ನಾವು ಮನೆಮುಂದೆ ಬೆಳೆಸುತ್ತೇವೆ. ಅದರ ಕಾಯಿಯೊಳಗಿನ ಬೀಜ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಹರಳು, ಕಾಸರಕನ ಕಾಯಿ, ಮುಳ್ಳುಮುಳ್ಳಿನ ಉಮ್ಮತ್ತಿ ಕಾಯಿ, ಇವುಗಳ ಬೀಜವೂ ಬಾಯಿಗೆ ಆಗದವು. ಗಿಡಗಳನ್ನು ಕಡಿಯಬೇಕೆಂದು ನಾನು ಹೇಳುತ್ತಿಲ್ಲ. ಅವುಗಳ ಗುರುತು ನಿಮಗಿರಲಿ, ಅಡುಗೆ ಆಟದಲ್ಲಿ ಅವನ್ನು ಪಲ್ಯ ಮಾಡಿ ತಮ್ಮನಿಗೆ ಬಡಿಸಬೇಡಿ.

ಒಂದು ಹೊಸ ಅಪಾಯವೂ ಬಂದು ಸೇರಿದೆ: ಹಾಡುವ ಆಟಿಕೆ, ರಿಮೋಟುಗಳಲ್ಲಿರುವ ಗುಂಡಿಯಂಥ ಪುಟ್ಟ ಬ್ಯಾಟರಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವದ ಮೂಲಕ ವಿದ್ಯುತ್ ಹರಿದು, ಅದರ ಒಂದು ಮಗ್ಗುಲಲ್ಲಿ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೇ ನಾಳ ಸುಡತೊಡಗುತ್ತದೆ. ಮಲದಲ್ಲಿ ಹೋದೀತು ಎಂದು ಕಾಯುವಂತಿಲ್ಲ.

ಇಷ್ಟೆಲ್ಲ ಎಚ್ಚರದ ನಡುವೆಯೂ ಒಂದು ದಿನ ತಂಗಿ ಏನಾದರೂ ಬಾಯಿಗೆ ಹಾಕಿಕೊಂಡಳು ಎನ್ನಿ. ನೀವು ಅಲ್ಲೇ ಇದ್ದೀರಿ. ನೋಡಿಕೋ ಎಂದು ನಿಮಗೇ ಹೇಳಿ ಹೋಗಿದ್ದರು, ಬೈಯುತ್ತಾರೆ ಎಂದು ನಿಮಗೆ ಹೆದರಿಕೆಯಾಗಬಹುದು. ಆದರೂ ಆ ಕ್ಷಣವೇ ಕೂಗಿ ಹೇಳಿ: "ಅಮ್ಮಾ, ಪುಟ್ಟಿ ಏನೋ ನುಂಗಿದಳು, ಬೇಗ ಬಾ." ಮಕ್ಕಳು ಮುಚ್ಚಿಟ್ಟ ಅರ್ಧ ಗಂಟೆ ಬಹಳ ದುಬಾರಿ. ಇದನ್ನು ಓದುವ ದೊಡ್ಡವರಲ್ಲಿಯೂ ನನ್ನ ಬೇಡಿಕೆ ಒಂದೇ, ಹೀಗೆ ಬಂದು ಹೇಳಿದ ಮಗುವನ್ನು ಬೈಯಬೇಡಿ. ಹೊಡೆಯುವುದಂತೂ ಬೇಡವೇ ಬೇಡ. ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ಒರೆಸಿ. ಮೈಗೆ ಬಟ್ಟೆಗೆ ಚೆಲ್ಲಿದ್ದರೆ ಬಟ್ಟೆ ತೆಗೆದು ಮೈ ತೊಳೆಯಿರಿ. ಮಂಪರಿನಲ್ಲಿದ್ದರೆ ಎಡಮಗ್ಗುಲಾಗಿ ಮಲಗಿಸಿ. ವೈದ್ಯರು ಹೇಳದೆ ಹಾಲು, ಮಜ್ಜಿಗೆ, ಹುಣಸೆನೀರು ಯಾವುದನ್ನೂ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ಭಟ್ಕಳದ ತಾಲೂಕು ಆಸ್ಪತ್ರೆ ನಮಗೆ ದೂರವಲ್ಲ, ಆದರೆ ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಆ ದಾರಿ ಉದ್ದವಾದ್ದರಿಂದ ನಮ್ಮ ಕಡೆಯವರು ಒಂದು ನಿಮಿಷವನ್ನೂ ಮನೆಮದ್ದಿನಲ್ಲಿ ಕಳೆಯುವಂತಿಲ್ಲ.

ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ: 1800 116 117. ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ನೀವೇ ಅಂಟಿಸಿ. ಅಲ್ಲಿಯಾಗಲಿ, ಆಸ್ಪತ್ರೆಯಲ್ಲಾಗಲಿ ಮೊದಲು ಕೇಳುವುದು ಇದನ್ನೇ: ಏನು ನುಂಗಿತು, ಸುಮಾರು ಎಷ್ಟು, ಎಷ್ಟು ಹೊತ್ತಾಯಿತು, ಮಗುವಿನ ವಯಸ್ಸು ಮತ್ತು ತೂಕ ಎಷ್ಟು. ಗಾಬರಿಯಲ್ಲಿ ದೊಡ್ಡವರು ಮಗುವನ್ನು ಎತ್ತಿಕೊಂಡು ಓಡುತ್ತಾರೆ, ಬಾಟಲಿ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಬಾಟಲಿಯನ್ನೋ, ಖಾಲಿಯಾದ ಮಾತ್ರೆಯ ಹಾಳೆಯನ್ನೋ, ಅರ್ಧ ಜಗಿದ ಕಾಯಿಯನ್ನೋ ಒಂದು ಚೀಲಕ್ಕೆ ಹಾಕಿ ಜೊತೆಗೆ ಒಯ್ಯುವ ಕೆಲಸ ನಿಮ್ಮದು. ಮುಟ್ಟುವ ಮೊದಲು ಕೈಗೆ ಒಂದು ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಳ್ಳಿ, ಆಮೇಲೆ ಸಾಬೂನು ಹಾಕಿ ಕೈ ತೊಳೆದುಕೊಳ್ಳಿ.